ದೊರೆಸಾನಿ ಬರುವ ತನಕ

ಹೆಗಲಿಗೇರಿದ ಶವಪೆಟ್ಟಿಗೆ ಹತ್ತು ಹೆಜ್ಜೆ ಹೋಗಿತ್ತೋ ಇಲ್ಲವೋ, ಮುಂದುಗಡೆ ಎಡ ಹೆಗಲು ಕೊಟ್ಟಿದ್ದ ತಬ್ರೇಜನ ಜೇಬಿನೊಳಗೆ ಫೋನು ಗುರುಗುಟ್ಟಿತು. ಎರಡು ಸಲ ಗುರುಗುಟ್ಟಿ ಸುಮ್ಮನಾಯಿತು, ಮತ್ತೆ ಶುರುವಾಯಿತು. ಮಾವನ ಜನಾಜಾ ಹೊತ್ತ ಅಳಿಯ ಫೋನು ತೆಗೆಯುವುದು ಹೇಗೆ? ಪಕ್ಕದಲ್ಲಿ ನಡೆಯುತ್ತಿದ್ದ ಗಂಗಾಧರ, ಮೇಲಿನ ಮಹಡಿಯ ಮನೆಯವನು, ತಾನೇ ಅವನ ಕೋಟಿನ ಜೇಬಿಗೆ ಕೈಹಾಕಿ ತೆಗೆದು ಕಿವಿಗಿಟ್ಟುಕೊಂಡ. ಸ್ವೀಡಿಷ್‌ನಲ್ಲಿ ನಾಲ್ಕು ಮಾತಾಡಿ ಫೋನಿಗೆ ಅಂಗೈ ಮುಚ್ಚಿದ.

“ತಬ್ರೇಜ್, ಒಂಚೂರು ನಿಲ್ಲಿ. ದೊರೆಸಾನಿಯವ್ರ ಡ್ರೈವರ್ರು. ನಾರ್ಕೋಪಿಂಗ್ ಹತ್ರ ಲಾರಿ ಮಗುಚಿ ರೋಡ್ ಬ್ಲಾಕ್ ಆಗಿದೆಯಂತೆ. ಇನ್ನೂ ಒಂದು ಗಂಟೆ ಆಗತ್ತಂತೆ. ಮೇಡಮ್ಮು ದಯವಿಟ್ಟು ಕಾಯ್ಬೇಕು ಅಂತಿದಾರೆ.”

ಹೊತ್ತವರು ನಿಂತರು. ಲಿಂಕೋಪಿಂಗಿನ ಆ ದೊಡ್ಡ ಕಬರಸ್ತಾನದ ಒಂದು ಮೂಲೆಯಲ್ಲಿ, ಬರ್ಚ್ ಮರದ ಸಾಲಿನಾಚೆ, ಮುಸಲ್ಮಾನರಿಗೆಂದು ಬಿಟ್ಟ ಜಾಗ. ನಮಾಜು ಮುಗಿದಿತ್ತು. ತೋಡಿಟ್ಟ ಗುಂಡಿ ಕಣ್ಣಳತೆಯಲ್ಲೇ ಇತ್ತು. ಮೇ ತಿಂಗಳ ಬಿಸಿಲು ತೋಡಿದ ಮಣ್ಣಿನ ಮೇಲೆ ಬಿದ್ದು ಹಬೆಯಾಡುತ್ತಿತ್ತು.

ಬೋಸ್ನಿಯಾ ಕಡೆಯ ಇಮಾಮರು ವಿಷಯ ಕೇಳಿ ತಲೆಯಾಡಿಸಿದರು. “ಹೋದವರನ್ನು ಕಾಯಿಸಬಾರದು. ಆದರೂ ಮನೆಯವರು ಹೇಳಿದ ಹಾಗೆ,” ಎಂದರು.

ತಬ್ರೇಜ್ ಕತ್ತು ತಿರುಗಿಸಲಾಗದೆ ನೆಲ ನೋಡಿಕೊಂಡೇ ಕೇಳಿದ. “ಅತ್ತೆ, ಏನ್ಮಾಡೋಣ?”

ಹೆಂಗಸರ ಗುಂಪಿನಿಂದ ಉತ್ತರ ಕೊಟ್ಟವಳು ಅತ್ತೆಯಲ್ಲ, ಹೆಂಡತಿ. “ಏನ್ಮಾಡೋದು ಅಂದ್ರೆ? ನಡೀರಿ,” ಎಂದಳು ಮರಿಯಮ್. “ಅಪ್ಪ ಆಯಮ್ಮನಿಗೆ ಕಾದಿದ್ದು ಹದಿನೇಳು ವರ್ಷ. ಇನ್ನೂ ಸಾಲ್ದಾ?”

“ಎಂಬತ್ತಾರು ವರ್ಷದ ಮುದುಕಿ ಮರಿಯಮ್. ಸ್ಟಾಕ್‌ಹೋಮಿಂದ ಬರ್ತಿದಾರೆ. ಮಾವ ಇದ್ದಿದ್ರೆ ಏನಂತಿದ್ರು, ನೀನೇ ಹೇಳು.”

ಹೇಳುವುದೇನಿತ್ತು, ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರ ಕಣ್ಣೂ ಬದ್ರುನ್ನೀಸಾಳ ಮೇಲೆ ಬಿತ್ತು.

ಅವಳಿಗೆ ಎಪ್ಪತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಚಳ್ಳಕೆರೆಯಲ್ಲಿ, ಅದೂ ಪೂರ್ತಿ ಇಲ್ಲ. ಗಂಡ ಸುಭಾನ್ ತೀರಿಕೊಂಡು ಇವತ್ತಿಗೆ ಎಂಟು ದಿನ. ಕಾಗದ ಆಗಬೇಕು, ತಾರೀಕು ಸಿಗಬೇಕು ಎಂದು ಈ ದೇಶದಲ್ಲಿ ಸತ್ತ ಮೇಲೂ ಸರದಿಯಲ್ಲಿ ನಿಲ್ಲಬೇಕು. ಎಂಟು ದಿನ ಅವನು ತಣ್ಣನೆಯ ಕೋಣೆಯಲ್ಲಿ ಕಾದಿದ್ದ. ಇವತ್ತಾದರೂ ಬೇಗ ಮಣ್ಣು ಸೇರಲಿ ಎಂದು ಬೆಳಗಿನಿಂದ ಅವಳು ಅದೊಂದನ್ನೇ ಬೇಡಿಕೊಂಡಿದ್ದಳು. ಆದರೆ ದೊರೆಸಾನಿ ಬರುತ್ತಾರೆ, ಕಾಯಿರಿ ಎಂಬ ಮಾತು ಕಿವಿಗೆ ಬಿದ್ದರೆ ಅವಳ ನಾಲಿಗೆ ಅವಳ ಕೈಯಲ್ಲಿರುತ್ತಿರಲಿಲ್ಲ.

“ಇಳಿಸ್ರಪ್ಪ,” ಎಂದುಬಿಟ್ಟಳು. “ಒಂದ್ ಗಳಿಗೆ ನೋಡಾನ.”

ಪೆಟ್ಟಿಗೆಯನ್ನು ಮರದ ಕಾಲುಮಣೆಯ ಮೇಲೆ ಇಳಿಸಿದರು. ಮರಿಯಮ್ ತಾಯಿಯ ಮುಖ ನೋಡದೆ ಆ ಕಡೆ ತಿರುಗಿ ನಿಂತಳು.

*

ದೊರೆಸಾನಿ ಎಂದರೆ ಎಬ್ಬಾ. ಆ ಹೆಸರು ಹಿಡಿದು ಕರೆಯುವವರು ಅರಮನೆಯಲ್ಲಿ ಒಬ್ಬರೇ ಇದ್ದರು, ಆಕೆಯ ಗಂಡ ಬ್ಯಾರನ್. ಉಳಿದವರಿಗೆಲ್ಲ ಆಕೆ ಫ್ರೀಹೆರಿನ್ನಾ, ಅಂದರೆ ಬ್ಯಾರನ್ನನ ಹೆಂಡತಿ. ಸುಭಾನನ ಮನೆಯಲ್ಲಿ ದೊರೆಸಾನಿ.

ಬ್ಯಾರನ್ ಬೆಂಗಳೂರಿನಲ್ಲಿ ಐದು ವರ್ಷ ಒಂದು ಕಾರ್ಖಾನೆ ನೋಡಿಕೊಂಡಿದ್ದವನು. ಸಂಜೆ ಕ್ಲಬ್ಬಿಗೆ ಹೋದಾಗ ತಟ್ಟೆ ಇಡುವಾಗಲೂ ತೆಗೆಯುವಾಗಲೂ ಸದ್ದೇ ಮಾಡದ ಒಬ್ಬ ಬೇರರ್‌ನನ್ನು ಕಂಡ. ಊರಿಗೆ ಹೊರಟಾಗ, ನಮ್ಮ ಮನೆಗೆ ಬಾ ಎಂದ. ಪಿಂಜಾರರ ಹುಡುಗ, ಅಪ್ಪ ಅರಳೆ ಹಿಂಜಿ ಹಾಸಿಗೆ ಹೊಲಿಯುವವನು. ಸುಭಾನ್ ವಿಮಾನ ಹತ್ತಿ ಬಂದು ಇಳಿದದ್ದು ಲಿಂಕೋಪಿಂಗಿನಿಂದ ಅರ್ಧ ಗಂಟೆ ದೂರದ ಕೆರೆಯಂಚಿನ ಅರಮನೆಯಲ್ಲಿ. ಎರಡು ವರ್ಷದ ಮೇಲೆ ಬದ್ರುನ್ನೀಸಾ ಬಂದಳು. ಕುದುರೆ ಲಾಯದ ಮೇಲಿನ ಎರಡು ಕೋಣೆ ಅವರ ಮನೆ. ಅವಳಿಗೂ ಕೆಲಸ ಸಿಕ್ಕಿತು. ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು.

ಊರಿಗೆಲ್ಲ ಒಂದು ನ್ಯಾಯವಾದರೆ ಅರಮನೆಗೆ ಇನ್ನೊಂದು. ಈ ದೇಶದಲ್ಲಿ ಮೇಷ್ಟ್ರನ್ನೂ ನೀನು ಅನ್ನುತ್ತಾರೆ, ಡಾಕ್ಟರನ್ನೂ ನೀನು ಅನ್ನುತ್ತಾರೆ. ಕಾರ್ಖಾನೆಯ ಒಡೆಯನೂ ನೆಲ ಒರೆಸುವವಳೂ ಒಂದೇ ಮೇಜಿಗೆ ಕೂತು ಫಿಕಾ ಮಾಡುತ್ತಾರೆ, ಅಂದರೆ ಕಾಫಿ ಕುಡಿದು ದಾಲ್ಚಿನ್ನಿ ಹಾಕಿದ ಬನ್ನು ತಿನ್ನುತ್ತಾರೆ. ಅರಮನೆಯಲ್ಲಿ ಮಾತ್ರ ದೊರೆಸಾನಿ ಕೂರದೆ ಯಾರೂ ಕೂರುವಂತಿಲ್ಲ. ಆಕೆ ಚಮಚ ಎತ್ತದೆ ಯಾರೂ ಎತ್ತುವಂತಿಲ್ಲ. ಆಕೆ ಚಮಚ ಕೆಳಗಿಟ್ಟರೆ, ಎದುರು ಕೂತ ಬಿಷಪ್ಪನ ತಟ್ಟೆಯಲ್ಲಿ ಅರ್ಧ ಉಳಿದಿದ್ದರೂ ಸುಭಾನ್ ಅದನ್ನು ಎತ್ತಲೇಬೇಕು. ಗಂಟೆ ಹೊಡೆಯುತ್ತಿದ್ದದ್ದು ಏಳಕ್ಕೆ. ದೊರೆಸಾನಿ ಮೆಟ್ಟಿಲಿಳಿಯುತ್ತಿದ್ದದ್ದು ಏಳೂ ಮುಕ್ಕಾಲಿಗೋ ಎಂಟಕ್ಕೋ. ಸುಭಾನ್ ಬಿಳಿ ಕೈಗವಸು ಹಾಕಿಕೊಂಡು ಸೂಪಿನ ಪಾತ್ರೆ ಹಿಡಿದು ಬಾಗಿಲ ಬಳಿ ನಿಂತಿರುತ್ತಿದ್ದ. ಆರಿದರೆ ವಾಪಸು ಒಯ್ದು ಬಿಸಿ ಮಾಡಿಸಿ ತಂದು ಮತ್ತೆ ನಿಲ್ಲುತ್ತಿದ್ದ. ನೆಂಟರೆಲ್ಲ ಉಂಡು, ಕಾಫಿ ಕುಡಿದು, ನಕ್ಕು, ಎದ್ದು ಹೋದ ಮೇಲೆ ಕೆಲಸದವರ ಊಟ. ಅಷ್ಟರಲ್ಲಿ ಮಾಂಸದ ಮೇಲೆ ಕೊಬ್ಬು ಮೇಣದ ಹಾಗೆ ಕಟ್ಟಿರುತ್ತಿತ್ತು. ಅವನು ಅದನ್ನು ಮುಟ್ಟದೆ ಲಾಯದ ಮೆಟ್ಟಿಲು ಹತ್ತಿ ಬರುತ್ತಿದ್ದ.

ಇಲ್ಲಿ ಬದ್ರುನ್ನೀಸಾ ಸಾರನ್ನು ಒಮ್ಮೆ ಬಿಸಿ ಮಾಡಿ ಇಳಿಸಿ, ಇನ್ನೊಮ್ಮೆ ಬಿಸಿ ಮಾಡಿ ಇಳಿಸಿ, ಕಿಟಕಿಯಲ್ಲಿ ಕೂತಿರುತ್ತಿದ್ದಳು. ಬೇಸಿಗೆಯಾದರೆ ಆ ಹೊತ್ತಿಗೂ ಕೆರೆಯ ಮೇಲೆ ಬೆಳಕಿರುತ್ತಿತ್ತು. ಅವನು ಬಂದು ಹೆಗಲ ಮೇಲೊಂದು ಟವಲು ಹಾಕಿಕೊಂಡು ಅವತ್ತಿನ ದರಬಾರು ತೋರಿಸುತ್ತಿದ್ದ. ಬಿಷಪ್ಪ ತಟ್ಟೆ ಹೋಗುವುದನ್ನು ನೋಡಿದ ನೋಟ. ಬ್ಯಾರನ್ ಹೇಳಿದ ಹಳೇ ಜೋಕಿಗೆ ಹನ್ನೆರಡನೇ ಸಲ ನಕ್ಕ ಸೋದರಳಿಯ. ದೊರೆಸಾನಿಯ ನಾಯಿ ಯಾರ ಕುರ್ಚಿಯಡಿ ಕೂತರೆ ಅವರಿಗೆ ಆ ವರ್ಷ ಕ್ರಿಸ್ಮಸ್ಸಿಗೆ ಕರೆ ಉಂಟು ಎಂದು ನಾಯಿಗೆ ಕಳ್ಳತನದಲ್ಲಿ ತುಂಡು ಹಾಕುವ ಅತ್ತಿಗೆ. ಮಗು ಮರಿಯಮ್ ಹಾಸಿಗೆ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು. “ಇನ್ನೊಂದ್ಸಲ ನಾಯಿ ಮಾಡಪ್ಪ,” ಎನ್ನುತ್ತಿದ್ದಳು. ಬದ್ರುನ್ನೀಸಾ ನಗುತ್ತ ನಗುತ್ತಲೇ ಮೂರನೇ ಸಲ ಸಾರು ಬಿಸಿಗಿಡುತ್ತಿದ್ದಳು.

“ಇಷ್ಟು ಬೈತೀರಲ್ಲ, ಬಿಟ್ಬಿಡಿ ಮತ್ತೆ,” ಎಂದು ಒಮ್ಮೆ ಕೇಳಿದ್ದಳು.

“ಬಿಟ್ರೆ ಯಾರನ್ನ ಬೈಲಿ ಬದ್ರು?” ಎಂದಿದ್ದ.

ಬೈದರೂ, ಮಾರನೇ ದಿನ ಸಂಜೆ ಆರೂವರೆಗೆ ಕನ್ನಡಿ ಮುಂದೆ ನಿಂತು ಕಾಲರ್ ಸರಿ ಮಾಡಿಕೊಳ್ಳುತ್ತಿದ್ದವನೂ ಅವನೇ. ಆ ಹೊತ್ತಿನಲ್ಲಿ ಅವನ ಮುಖ ಮದುವೆಗೆ ಹೊರಟ ಹಾಗಿರುತ್ತಿತ್ತು. ಇವತ್ತು ನೆನೆದರೆ ಅವಳಿಗೆ ಆ ತಣ್ಣನೆಯ ದೊಡ್ಡ ಮನೆ, ಬೆಳ್ಳಿ ಉಜ್ಜುವ ಪುಡಿಯ ವಾಸನೆ, ಇಸ್ತ್ರಿಯ ಬಿಸಿಗೆ ಮೇಲೇಳುವ ಲಿನನ್ನಿನ ಘಮ, ಎಲ್ಲವೂ ಬೇಕು ಅನ್ನಿಸುತ್ತಿತ್ತು.

*

“ಹದಿನೈದು ನಿಮಿಷ ಆಯ್ತು,” ಎಂದ ಗಂಗಾಧರ, ವಾಚು ನೋಡಿ. ಅವನೂ ತಬ್ರೇಜೂ ಬರ್ಚ್ ಮರದಡಿ ನಿಂತಿದ್ದರು. ಬದ್ರುನ್ನೀಸಾ ಅವರ ಹಿಂದೆ ಒಂದು ಮಡಿಚುವ ಸ್ಟೂಲಿನ ಮೇಲೆ ಕೂತಿದ್ದಳು. ಸ್ಟೂಲು ಸುಭಾನನ ಗೆಳೆಯ ಪ್ರೊಫೆಸರ್ ಬೆಂಗ್ಟ್ ಅವರದು. ಎಂಬತ್ತು ದಾಟಿದ ಆ ಮನುಷ್ಯ ತನಗೆಂದು ತಂದದ್ದನ್ನು ಅವಳ ಮುಂದಿಟ್ಟು ತಾನು ಮರಕ್ಕೊರಗಿ ನಿಂತಿದ್ದರು. ಕೈಯಲ್ಲೊಂದು ಕಾಗದದ ಕಟ್ಟು.

“ನಿಮಗೇನು ಅನ್ಸತ್ತೆ, ಸರೀನಾ ಇದು?” ತಬ್ರೇಜ್ ಕೇಳಿದ.

“ನನ್ನ ಕೇಳ್ಬೇಡಿ ಗುರುವೇ. ನಮ್ಮ ವೈಸ್ ಪ್ರೆಸಿಡೆಂಟು ಬರ್ತಾನೆ ಅಂತ ಹೋದ ತಿಂಗ್ಳು ಗೇಟ್ ಹತ್ರ ಎರಡು ಗಂಟೆ ನಿಂತಿದ್ದೆ, ಕೈಯಲ್ಲಿ ಬೊಕೆ ಹಿಡ್ಕೊಂಡು. ಬಂದವ್ನು ಬೊಕೆ ತಗೊಂಡು ನನ್ನ ಕೈಗೇ ವಾಪಸ್ ಕೊಟ್ಟ, ಹಿಡ್ಕೊ ಅಂತ.”

“ನೀವು ಬರೀ ಬೊಕೆ ಹಿಡಿದ್ರಿ. ನಾನು ನಮ್ಮ ಡೈರೆಕ್ಟರ್ ಜೋಕಿಗೆ ಎಷ್ಟು ನಗ್ತೀನಿ ಅಂದ್ರೆ, ಜೋಕ್ ಮುಗಿಯೋಕ್ ಮುಂಚೆನೇ ಶುರು ಮಾಡ್ತೀನಿ. ಒಂದ್ಸಲ ಅದು ಜೋಕೇ ಆಗಿರ್ಲಿಲ್ಲ. ಅವರಪ್ಪನಿಗೆ ಹುಷಾರಿರ್ಲಿಲ್ಲ ಅಂತ ಹೇಳ್ತಿದ್ರು.”

“ಥೂ ನಿಮ್ಮ.” ಗಂಗಾಧರ ನಗು ತಡೆಯಲು ಬಾಯಿಗೆ ಕೈಯಿಟ್ಟುಕೊಂಡ. ಆಮೇಲೆ ಪೆಟ್ಟಿಗೆಯ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. “ಸಾಬ್ರಿಗೆ ಇದನ್ನ ಹೇಳ್ಬೇಕಿತ್ತು ಕಣ್ರಿ. ತಕ್ಷಣ ನಿಮ್ಮ ಡೈರೆಕ್ಟರ್ ಆಗ್ಬಿಟ್ಟು ತೋರಿಸ್ತಿದ್ರು.”

ಮರಿಯಮ್ ಬಂದು ತಾಯಿಯ ಪಕ್ಕ ಹುಲ್ಲಿನ ಮೇಲೆ ಕೂತಳು. ಆಸ್ಪತ್ರೆಯಲ್ಲಿ ನರ್ಸು, ಸಾವು ನೋಡಿದವಳು, ಆದರೂ ಬೆಳಗಿನಿಂದ ಕಣ್ಣು ಒಣಗಿರಲಿಲ್ಲ.

“ಅಮ್ಮ, ನಿಂಗೆ ಸಿಟ್ಟೇ ಬರಲ್ವಾ?”

“ಬರ್ತೈತೆ.”

“ಮತ್ತೆ?”

“ನಿಮ್ಮಪ್ಪ ಕಾಯ್ತಿದ್ರಲ್ಲ ಮರಿಯಮ್. ಅವರ ಮನಸ್ಸು ಮುರಿದು ಮಣ್ಣಿಗಿಡಾಕೆ ನಂಗೆ ಧೈರ್ಯ ಸಾಲ್ದು.”

“ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ನಿಂಗೇನ್ ಗೊತ್ತು? ಅವ್ರು ನಿಂತ್ಕೊಂಡಿದ್ದಷ್ಟೇ ನಮಗ್ ಗೊತ್ತಿರೋದು.”

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

*

ಬ್ಯಾರನ್ ತೀರಿಕೊಂಡು ಅರಮನೆ ಮಾರಾಟವಾದ ವರ್ಷ ಸುಭಾನನಿಗೆ ಐವತ್ತಮೂರು. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಮೊದಲನೇ ವಾರವೇ ಎಡವಟ್ಟಾಯಿತು. ಹತ್ತೂವರೆಗೆ ಎಲ್ಲರೂ ಫಿಕಾಗೆ ಕೂತರೆ ಇವನು ಕೈ ಹಿಂದೆ ಕಟ್ಟಿಕೊಂಡು ಮ್ಯಾನೇಜರಮ್ಮನ ಕುರ್ಚಿಯ ಹಿಂದೆ ನಿಂತ. ಕೂತುಕೊ ಎಂದರು. “ಪರವಾಗಿಲ್ಲ,” ಎಂದ. ಮಾರನೇ ದಿನವೂ ನಿಂತ. ಆಕೆ ಎದ್ದರೆ ಕುರ್ಚಿ ಎಳೆದ, ಲೋಟ ಖಾಲಿಯಾದರೆ ಭುಜದ ಹಿಂದಿನಿಂದ ಬಂದು ತುಂಬಿದ. ಆಕೆಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಇವನು ಏನೋ ಪ್ರತಿಭಟನೆ ಮಾಡುತ್ತಿದ್ದಾನೆ, ಹೇಳಿಕೊಳ್ಳಲಾಗದ ಅನ್ಯಾಯ ಆಗಿದೆ ಎಂದುಕೊಂಡು ಯೂನಿಯನ್ನಿನವರು ಮೀಟಿಂಗ್ ಕರೆದರು. ನಿನ್ನ ಬೇಡಿಕೆಯೇನು ಎಂದು ಐದು ಜನ ಸುತ್ತ ಕೂತು ಕೇಳಿದರು. ಸುಭಾನ್ ಮೀಟಿಂಗಿನಲ್ಲೂ ನಿಂತೇ ಇದ್ದ.

ಆ ಸುದ್ದಿ ಕ್ಯಾಂಟೀನಿಂದ ಕ್ಯಾಂಟೀನಿಗೆ ಹಬ್ಬಿ, ಲ್ಯಾಟಿನ್ ಕಲಿಸುವ ಪ್ರೊಫೆಸರ್ ಬೆಂಗ್ಟ್ ಕಿವಿಗೂ ಬಿತ್ತು. ಅವರು ಹುಡುಕಿಕೊಂಡು ಬಂದರು. ಅವರು ಆಗ ಒಂದು ಹಳೇ ಕಾಗದವನ್ನು ಸ್ವೀಡಿಷ್‌ಗೆ ತರುತ್ತಿದ್ದರು. ಐನೂರು ವರ್ಷದ ಹಿಂದೆ, ದಕ್ಷಿಣದ ಯಾವುದೋ ರಾಜನ ಹತ್ತಿರ ಬರವಣಿಗೆ ಕೆಲಸಕ್ಕಿದ್ದ ಒಬ್ಬ ಓದಿದವನು ತನ್ನ ಸೋದರಳಿಯನಿಗೆ ಬರೆದ ಕಾಗದ. ಅಳಿಯನಿಗೂ ರಾಜನ ಊಳಿಗಕ್ಕೆ ಸೇರುವ ಆಸೆ. ಬೇಡವೋ ಮಗನೇ ಎಂದು ಮಾವ ನೂರಾರು ಪುಟ ಬೈದಿದ್ದ.

“ಓದಿ ಹೇಳುತ್ತೇನೆ. ಹೌದೋ ಅಲ್ಲವೋ ನೀನು ಹೇಳು,” ಎಂದರು ಪ್ರೊಫೆಸರ್.

ಅಂದಿನಿಂದ ಗುರುವಾರ ಗುರುವಾರ ಪ್ರೊಫೆಸರ್ ಮನೆಗೆ ಬಂದರು. ಬದ್ರುನ್ನೀಸಾ ಚಹಾ ಇಟ್ಟುಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಅವಳ ಸ್ವೀಡಿಷ್ ಅರ್ಧ, ಅವರ ದನಿಯಿಂದ ಅರ್ಥವಾಗುತ್ತಿದ್ದದ್ದು ಇನ್ನರ್ಧ.

“ರಾಜ ಕೆಮ್ಮಿದರೆ ಸಭೆಯೆಲ್ಲ ಕೆಮ್ಮುತ್ತದೆ, ಅಂತ ಬರೆದಿದ್ದಾನೆ,” ಎನ್ನುತ್ತಿದ್ದರು ಪ್ರೊಫೆಸರ್.

“ಖರೆ. ಆದರೆ ಒಂದು ಕ್ಷಣ ತಡೆದು ಕೆಮ್ಮಬೇಕು. ಜೊತೆಗೇ ಕೆಮ್ಮಿದರೆ ಅಣಕಿಸಿದ ಹಾಗಾಗುತ್ತದೆ. ಅದು ಅವನಿಗೆ ಗೊತ್ತಿಲ್ಲ.”

“ಮಲಗಲು ಹುಲ್ಲಿನ ಚೀಲ ಕೊಟ್ಟರಂತೆ. ಪಕ್ಕದಲ್ಲಿ ಗಿಡುಗ ಸಾಕುವವನು, ಅವನ ಗಿಡುಗವೂ ಸಹ.”

“ಹುಲ್ಲಾದರೆ ಅದೃಷ್ಟವಂತ. ನನಗೆ ಅರಮನೆಯಲ್ಲಿ ಕೊಟ್ಟದ್ದು ಸ್ಪಂಜು. ನಮ್ಮಪ್ಪ ಅದನ್ನು ನೋಡಿದ್ದರೆ ಅಲ್ಲೇ ಕೂತು ಅಳುತ್ತಿದ್ದ. ಹಿಂಜಿದ ಅರಳೆಯ ಮೇಲೆ ಮಲಗಿದವನಿಗೆ ಸ್ಪಂಜು ಅಂದರೆ ಇಡ್ಲಿ ಮೇಲೆ ಮಲಗಿದ ಹಾಗೆ.” ಇಡ್ಲಿ ಅಂದರೇನು ಎಂದು ತೋರಿಸಲು ಬದ್ರುನ್ನೀಸಾ ಮಾರನೇ ಗುರುವಾರ ಇಡ್ಲಿ ಮಾಡಬೇಕಾಯಿತು.

ಒಂದು ದಿನ ಸುಭಾನ್ ತಾನೇ ಕೇಳಿದ. “ಇಷ್ಟೆಲ್ಲ ಬರೆದವನು ಕೆಲಸ ಬಿಟ್ಟನಾ?”

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. “ಇಲ್ಲ. ಸಾಯುವ ತನಕ ಅಲ್ಲೇ ಇದ್ದ. ಈ ಕಾಗದವನ್ನೂ ರಾಜನ ದೀಪದ ಕೆಳಗೆ, ರಾಜನ ಮಸಿಯಲ್ಲೇ ಬರೆದದ್ದು.”

ಸುಭಾನ್ ನಕ್ಕ. ಕೆಮ್ಮು ಬರುವಷ್ಟು ನಕ್ಕ. ನಗುತ್ತ ನಗುತ್ತ ಕುರ್ಚಿಯ ಮೇಲೆ ಕೂತುಬಿಟ್ಟ. ಬೇರೆಯವರ ಮುಂದೆ ಅವನು ಹಾಗೆ ಕೂತದ್ದನ್ನು ಬದ್ರುನ್ನೀಸಾ ಅವತ್ತೇ ಮೊದಲು ಕಂಡದ್ದು.

*

ಹಸಿರು ಜಾಕೀಟಿನ ಹೆಂಗಸು, ಕಬರಸ್ತಾನದ ಕೆಲಸದವಳು, ಬರ್ಚ್ ಸಾಲಿನ ಪಕ್ಕದಿಂದ ನಡೆದು ಬಂದಳು. ತಬ್ರೇಜನ ಹತ್ತಿರ ಮೆಲ್ಲಗೆ ಮಾತಾಡಿದಳು. ತಬ್ರೇಜ್ ಅತ್ತೆಯ ಮುಂದೆ ಮೊಣಕಾಲೂರಿ ಕೂತ.

“ಅತ್ತೆ, ಎರಡೂವರೆಗೆ ಇನ್ನೊಂದು ಮನೆಯವರ ಸರದಿ ಇದೆಯಂತೆ. ಮಣ್ಣು ಮುಚ್ಚೋಕೆ ಟೈಮ್ ಬೇಕಲ್ಲ. ಇನ್ನು ಹತ್ತು ನಿಮಿಷದಲ್ಲಿ ಇಳಿಸದಿದ್ರೆ ಇವತ್ತಾಗಲ್ಲ ಅಂತಾರೆ.”

“ಇವತ್ತಾಗದಿದ್ರೆ?”

“ಇವತ್ತು ಶುಕ್ರವಾರ. ಇನ್ನು ಸೋಮವಾರ.”

“ಅಲ್ಲೀ ತಂಕ ಎಲ್ಲಿರ್ತಾರೆ?”

ಮತ್ತೆ ಅದೇ ತಣ್ಣನೆಯ ಕೋಣೆ.

“ದೊರೆಸಾನಿ ಎಲ್ಲವ್ರೆ ಈಗ?”

ಗಂಗಾಧರ ಫೋನು ನೋಡಿದ. “ರೋಡ್ ಈಗ ತೆಗೆದಿದಾರಂತಮ್ಮ. ಇನ್ನೂ ನಲವತ್ತು ನಿಮಿಷ ಆದ್ರೂ ಬೇಕು. ನಾನೊಂದ್ ಮಾತು ಹೇಳ್ಲಾ? ಇವ್ರ ಸ್ಲಾಟ್ ಅಂದ್ರೆ ಸ್ಲಾಟೇ. ದೇವ್ರು ಬಂದ್ರೂ ಒಂದ್ ನಿಮಿಷ ಆಚೀಚೆ ಆಗಲ್ಲ.”

ಬದ್ರುನ್ನೀಸಾ ಪೆಟ್ಟಿಗೆಯ ಕಡೆ ನೋಡಿದಳು. ಇಳಿಸಿ ಅಂದರೆ ಗಂಡ ಬದುಕಿಡೀ ನಡೆಸಿಕೊಂಡು ಬಂದ ಮರ್ಯಾದೆ ಅವನ ಕೊನೆಯ ದಿನ ಮುರಿದ ಹಾಗೆ. ಕಾಯಿರಿ ಅಂದರೆ ಇನ್ನೂ ಮೂರು ದಿನ ಅವನು ಕತ್ತಲಲ್ಲಿ, ಹೆಸರು ಬರೆದ ಚೀಟಿ ಕಾಲಿಗೆ ಕಟ್ಟಿಸಿಕೊಂಡು. ಏನ್ರೀ, ನೀವೇ ಹೇಳಿ ಎಂದು ಒಳಗೇ ಕೇಳಿದಳು.

ಮರಕ್ಕೊರಗಿದ್ದ ಪ್ರೊಫೆಸರಿಗೆ ಕನ್ನಡ ಬರದಿದ್ದರೂ ಆಗುತ್ತಿರುವುದೇನೆಂದು ತಿಳಿದಿತ್ತು. ಅವರು ಹತ್ತಿರ ಬಂದು ಕೈಯಲ್ಲಿದ್ದ ಕಟ್ಟನ್ನು ಅವಳಿಗೆ ತೋರಿಸಿದರು.

“ಬದ್ರು, ಇದನ್ನು ನಿನಗೆ ಕೊಡಲೆಂದೇ ತಂದೆ. ನಡುವೆ ಅಚ್ಚಾಗಿರುವುದು ಆ ರಾಜನ ಮನೆಯವನ ಕಾಗದ. ಪಕ್ಕದಲ್ಲಿ ಕೈಬರಹ ಇದೆಯಲ್ಲ, ಅದೆಲ್ಲ ಸುಭಾನ್ ಹೇಳಿದ್ದು. ನಾನು ಬರೆದುಕೊಂಡದ್ದು.”

ಅವಳು ನೋಡಿದಳು. ಪುಟದ ಅಂಚಿನಲ್ಲೆಲ್ಲ ಇರುವೆ ಸಾಲಿನಂಥ ಅಕ್ಷರ.

“ಕೊನೆಯಲ್ಲಿ ಅವನಿಗೊಂದು ಪ್ರಶ್ನೆ ಕೇಳಿದ್ದೆ. ಈ ಮನುಷ್ಯ ಬರೆಯಲು ಮರೆತದ್ದು ಏನಾದರೂ ಇದೆಯಾ ಅಂತ. ಒಂದು ವಾರ ಯೋಚಿಸಿ ಹೇಳಿದ. ನೀನು ಅವತ್ತು ಮೊಮ್ಮಗಳನ್ನು ಕರೆತರಲು ಶಿಶುವಿಹಾರಕ್ಕೆ ಹೋಗಿದ್ದೆ. ಓದಲಾ?”

“ಓದಿ.”

ಪ್ರೊಫೆಸರ್ ಕೊನೆಯ ಪುಟ ತಿರುವಿ, ಅವಳಿಗೆ ತಿಳಿಯುವ ಹಾಗೆ ನಿಧಾನವಾಗಿ ಓದಿದರು.

“ಸುಭಾನ್ ಹೇಳುತ್ತಾನೆ. ಇವನು ತಾನು ಕಾದದ್ದನ್ನೆಲ್ಲ ಬರೆದಿದ್ದಾನೆ. ತನಗಾಗಿ ಯಾರು ಕಾದರು ಅಂತ ಬರೆದಿಲ್ಲ. ಇವನಿಗೂ ಒಬ್ಬಳು ಇದ್ದಿರಬೇಕು. ನನಗೆ ಇದ್ದಳು. ದಿನಾ ಸಾರು ಮೂರು ಸಲ ಬಿಸಿ ಮಾಡುತ್ತಿದ್ದಳು. ನಾನು ಹೋಗಿ ದೊರೆಸಾನಿಯನ್ನು ಆಡಿಕೊಂಡು ನಗಿಸುತ್ತಿದ್ದೆ. ಅವಳ ಅರಮನೆಗೆ ನಾನೇ ದೊರೆ, ನಾನೇ ದಿನಾ ತಡವಾಗಿ ಬರುವವನು. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ.”

ಪ್ರೊಫೆಸರ್ ಓದುವುದನ್ನು ನಿಲ್ಲಿಸಿದರು. ಬರ್ಚ್ ಎಲೆಗಳು ಇನ್ನೂ ಎಳೆಯವು, ಗಾಳಿಗೆ ಸದ್ದಿಲ್ಲದೆ ಆಡುತ್ತಿದ್ದವು. ಮರಿಯಮ್ ತಾಯಿಯ ಮಂಡಿಗೆ ಹಣೆಯಿಟ್ಟಳು.

ಬದ್ರುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಹಳ ಹೊತ್ತೇನೂ ತೆಗೆದುಕೊಳ್ಳಲಿಲ್ಲ.

“ತಬ್ರೇಜ್.”

“ಅತ್ತೆ.”

“ಎತ್ರಪ್ಪ. ಇವರು ಕಾದಿದ್ದು ಸಾಕು.”

“ಮತ್ತೆ ದೊರೆಸಾನಿ? ಅವ್ರು ಬಂದಾಗ ಯಾರೂ ಇಲ್ದಿದ್ರೆ...”

“ನಾನಿರ್ತೀನಲ್ಲ. ನೀವು ಮಣ್ಣು ಕೊಟ್ಟು ಮನೀಗೆ ನಡೀರಿ. ಗಂಗಾಧರನ ಹೆಂಡ್ತಿ ರಮಾ ಅಡುಗೆ ಇಟ್ಕಂಡು ಕೂತಿರ್ತಾಳೆ. ಬಿಸಿ ಇರೋವಾಗ್ಲೇ ಎಲ್ರೂ ಊಟ ಮಾಡಿ. ನಂಗೇನ್ ಕಾಯ್ಬೇಡಿ.”

*

ಗಂಡಸರು ಮಣ್ಣು ಕೊಟ್ಟರು. ಮೂರು ಮೂರು ಬೊಗಸೆ ಹಾಕಿ ಆಮೇಲೆ ಸನಿಕೆ ಹಿಡಿದರು. ಗಂಗಾಧರ ಕೋಟು ತೆಗೆದು ಮರದ ಕೊಂಬೆಗೆ ಹಾಕಿ ಎಲ್ಲರಿಗಿಂತ ಹೆಚ್ಚು ಮಣ್ಣೆಳೆದ. ಹೆಂಡತಿ ಇಸ್ತ್ರಿ ಹಾಕಿಕೊಟ್ಟ ಅಂಗಿ ಬೆವರಿಗೆ ಬೆನ್ನಿಗಂಟಿತು. ಪ್ರೊಫೆಸರ್ ಬಗ್ಗಲಾಗದೆ ನಿಂತಿದ್ದರು. ತಬ್ರೇಜ್ ಒಂದು ಬೊಗಸೆ ಮಣ್ಣು ತೆಗೆದು ಅವರ ಅಂಗೈಗೆ ಹಾಕಿದ, ಅವರು ಅದನ್ನು ಒಳಗೆ ಬಿಟ್ಟರು. ಇಮಾಮರು ದುವಾ ಓದಿದರು. ಎರಡೂಕಾಲಿಗೆಲ್ಲ ಮುಗಿಯಿತು. ಹಸಿರು ಜಾಕೀಟಿನ ಹೆಂಗಸು ದೂರದಿಂದಲೇ ತಲೆಬಾಗಿದಳು.

ಮರಿಯಮ್ ಒಬ್ಬಳೇ ಹಟ ಹಿಡಿದಳು. “ನಾನೂ ಇರ್ತೀನಮ್ಮ.”

“ಬ್ಯಾಡ. ನಿನ್ ಮಗಳು ಸಹರ್ ರಮಾ ಹತ್ರ ಅವಳೆ ಮನೇಲಿ. ನಡಿ ನೀನು. ಟ್ರಾಮ್ ಹಿಡಿಯೋರಂಗೆ ಓಡಿಸ್ಬ್ಯಾಡ ಕಾರು, ನಿಧಾನ ಹೋಗು.”

“ಇಲ್ಲಿ ಟ್ರಾಮ್ ಇಲ್ವಲ್ಲಮ್ಮ,” ಎಂದಳು ಮರಿಯಮ್. ಅವತ್ತು ಮೊದಲ ಸಲ ತುಟಿಯಂಚಿನಲ್ಲಿ ನಗು ಬಂತು. ತಾಯಿಯ ತಲೆಯ ಮೇಲಿನ ಸೆರಗು ಸರಿಮಾಡಿ ಹೊರಟಳು.

ಬದ್ರುನ್ನೀಸಾ ಹಸಿ ಮಣ್ಣಿನ ದಿಬ್ಬದ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಎಷ್ಟೋ ವರ್ಷ ಅವನ ದಾರಿ ಕಾಯುತ್ತ ಕೂತಿದ್ದವಳಿಗೆ ಇವತ್ತು ಅವನ ಜೊತೆಯಲ್ಲೇ ಕೂತು ಬೇರೆ ಯಾರಿಗೋ ಕಾಯುವುದು ಹೊಸದು. ಅವಸರ ಅನ್ನಿಸಲಿಲ್ಲ. ಬಿಷಪ್ಪನ ತಟ್ಟೆ ನೆನಪಾಯಿತು. ದರಬಾರು ಮುಗಿಸಿ ಟವಲು ಮಡಿಚಿಟ್ಟು ಅವನು ಮೊದಲ ತುತ್ತು ಬಾಯಿಗಿಡುವ ಮುಂಚೆ, ನೀನು ಉಂಡೆಯಾ ಎಂದು ಕೇಳುತ್ತಿದ್ದದ್ದು ನೆನಪಾಯಿತು. ಹೂಂ ಎಂದು ಅವಳು ಹೇಳುತ್ತಿದ್ದ ಸುಳ್ಳೂ ನೆನಪಾಯಿತು. ಅವನಿಗೆ ಅದು ಸುಳ್ಳೆಂದು ಗೊತ್ತಿತ್ತೆಂದು ಈಗ ತಿಳಿಯಿತು.

ಎರಡೂವರೆಗೆ ಮುಂಚೆ ಕಪ್ಪು ಕಾರು ಬಂತು. ಡ್ರೈವರು ಬಾಗಿಲು ತೆಗೆದ. ದೊರೆಸಾನಿ ಇಳಿದಳು. ಸಣ್ಣಗಾಗಿದ್ದಳು. ಆದರೂ ಬೆನ್ನು ಕೋಲಿನಂತೆ ನೆಟ್ಟಗೆ, ಕೂದಲು ಮೊದಲಿನಂತೆ ಎತ್ತಿ ಕಟ್ಟಿದ್ದು, ಕೈಗೆ ಕಪ್ಪು ಕೈಗವಸು. ದಿಬ್ಬವನ್ನು ನೋಡಿ ಅರ್ಧ ದಾರಿಯಲ್ಲೇ ನಿಂತಳು. ಆಮೇಲೆ ಹತ್ತಿರ ಬಂದಳು.

“ತಡವಾಯಿತು ನನಗೆ,” ಎಂದಳು.

ಪರವಾಗಿಲ್ಲ ಎಂಬ ಮಾತು ಬದ್ರುನ್ನೀಸಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಹೌದು,” ಎಂದಳು. “ತಡವಾಯಿತು.”

ದೊರೆಸಾನಿ ಆ ಮಾತನ್ನು ಬಹಳ ವರ್ಷದಿಂದ ನಿರೀಕ್ಷಿಸಿದ್ದವಳಂತೆ ತಲೆಯಾಡಿಸಿದಳು. “ಅವನು ಯಾವಾಗಲೂ ಬಾಗಿಲಲ್ಲಿ ಇರುತ್ತಿದ್ದ. ನಾನು ಎಷ್ಟು ಹೊತ್ತಿಗೆ ಇಳಿದು ಬಂದರೂ ಇರುತ್ತಿದ್ದ. ಅದಕ್ಕೇ ಇರಬೇಕು, ಇವತ್ತೂ ಇರುತ್ತಾನೆ ಅಂದುಕೊಂಡು ಬಂದೆ.” ಸ್ವಲ್ಪ ಹೊತ್ತು ದಿಬ್ಬವನ್ನೇ ನೋಡಿದಳು. “ನಾನು ಏನಾದರೂ ಮಾಡಬಹುದೇ?”

ಏನೂ ಬೇಡ, ಕೂತುಕೊಳ್ಳಿ ಎಂದು ಎದ್ದು ಸ್ಟೂಲು ಕೊಡುವುದು ಹಳೇ ಪಾಠ. ಬದ್ರುನ್ನೀಸಾ ಏಳಲಿಲ್ಲ.

“ಮಣ್ಣು ಕೂರಬೇಕು. ನೀರು ಬಿಡಬೇಕು,” ಎಂದಳು. “ನಲ್ಲಿ ಆ ಕಡೆ ಇದೆ. ಅಲ್ಲೇ ಗೂಟಕ್ಕೆ ನೀರು ಹಾಕುವ ಕ್ಯಾನು ನೇತುಹಾಕಿದ್ದಾರೆ.”

ದೊರೆಸಾನಿ ನಲ್ಲಿಯ ಕಡೆ ನೋಡಿದಳು. ಕೈಗವಸು ಒಂದೊಂದೇ ಬೆರಳಿನಿಂದ ಕಳಚಿ ಡ್ರೈವರನ ಕೈಗೆ ಕೊಟ್ಟು ಹೊರಟಳು. ನಲ್ಲಿ ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಒಂದಿಷ್ಟು ಹೊತ್ತು ಪೇಚಾಡಿದಳು. ಡ್ರೈವರು ಓಡಿಹೋಗಿ ಕ್ಯಾನಿಗೆ ಕೈಚಾಚಿದ. ಅವಳು ಕೊಡಲಿಲ್ಲ.

ತುಂಬಿದ ಹಸಿರು ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಪಕ್ಕಕ್ಕೆ ವಾಲಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ದೊರೆಸಾನಿ ಹುಲ್ಲಿನ ಮೇಲೆ ನಡೆದು ಬರುತ್ತಿದ್ದಳು. ನೀರು ಹೆಜ್ಜೆ ಹೆಜ್ಜೆಗೂ ತುಳುಕಿ ಕಪ್ಪು ಬೂಟುಗಳ ಮೇಲೆ ಬೀಳುತ್ತಿತ್ತು. ಬದ್ರುನ್ನೀಸಾ ಎರಡೂ ಅಂಗೈಯನ್ನು ಮಂಡಿಯ ಮೇಲೆ ಊರಿಕೊಂಡು, ಕೂತಲ್ಲಿಂದಲೇ ಅವಳ ದಾರಿ ನೋಡುತ್ತಿದ್ದಳು.